ಬಹುಗ್ರಾಮ ಕುಡಿಯುವ ನೀರಿನ ಯೋಜನೆಯ ಶುದ್ಧೀಕರಣ ಮತ್ತು ಪಂಪಿಂಗ್ ಘಟಕವನ್ನು ಮೇಲ್ದರ್ಜೆಗೇರಿಸುವುದು: ಒಂದು ಸಮಗ್ರ ಮಾರ್ಗದರ್ಶಿ

ಕೊನೆಯ ಹಳ್ಳಿಯ ಟ್ಯಾಂಕಿಗೆ ನೀರು ಏರುತ್ತಿಲ್ಲ ಎಂಬ ದೂರು ಬಂದ ಕೂಡಲೇ ಸಭೆಯಲ್ಲಿ ಕೇಳಿಬರುವ ಮೊದಲ ಪರಿಹಾರ ‘ದೊಡ್ಡ ಮೋಟಾರು ಹಾಕಿಸಿ’ ಎಂಬುದು. ಹೀಗೆ ಮೋಟಾರಿನಿಂದ ಆರಂಭವಾದ ಉನ್ನತೀಕರಣ ಬಹುತೇಕ ಸಂದರ್ಭಗಳಲ್ಲಿ ವಿದ್ಯುತ್ ಬಿಲ್ಲನ್ನು ಏರಿಸುತ್ತದೆಯೇ ಹೊರತು ನೀರನ್ನಲ್ಲ. ಹೊಳೆಯ ದಡದ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ನಿಂದ ಹಿಡಿದು ಊರಿನ ಓವರ್‌ಹೆಡ್ ಟ್ಯಾಂಕಿನವರೆಗೆ ಇರುವುದು ಒಂದೇ ಸರಪಳಿ. ಅದರಲ್ಲಿ ಯಾವ ಕೊಂಡಿ ದುರ್ಬಲವಾಗಿದೆ ಎಂಬುದನ್ನು ಅಳೆದು ತಿಳಿಯುವ ಮುನ್ನ ಯಾವುದನ್ನೂ ಖರೀದಿಸಬಾರದು ಎಂಬುದೇ ಈ ಬರಹದ ಆಧಾರ.

ಕರ್ನಾಟಕದಲ್ಲಿ ಈ ಕೆಲಸ ಈಗ ಎಲ್ಲೆಡೆ ಎದುರಾಗಿರುವುದಕ್ಕೆ ಸ್ಪಷ್ಟ ಕಾರಣವಿದೆ. ಹಳೆಯ ಯೋಜನೆಗಳಲ್ಲಿ ಅನೇಕವು ತಲೆಗೆ ದಿನಕ್ಕೆ 40 ಲೀಟರ್ ಲೆಕ್ಕದಲ್ಲಿ, ಬೀದಿ ನಲ್ಲಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದವು. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ್ ಮಿಷನ್ ಮನೆ ಮನೆಗೆ ನಲ್ಲಿ ಮತ್ತು ತಲೆಗೆ 55 ಲೀಟರ್ ಎಂಬ ಗುರಿಯನ್ನು ಇಟ್ಟಿತು. ನಲ್ಲಿ ಮನೆಯೊಳಗೆ ಬಂದರೂ ಅದರ ಹಿಂದಿರುವ ಘಟಕ ಹಳೆಯದಾಗಿಯೇ ಉಳಿದಿದ್ದರೆ ಕೊರತೆ ಬೀಳುವುದು ಸಹಜ.

ವಿವರಣೆಗೆ ಅನುಕೂಲವಾಗಲೆಂದು ಒಂದು ಮಾದರಿ ಯೋಜನೆಯನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನೀರಿನ ಮೂಲ ನದಿ. ಘಟಕದ ಸಾಮರ್ಥ್ಯ ದಿನಕ್ಕೆ 50 ಲಕ್ಷ ಲೀಟರ್, ಅಂದರೆ 5 ಎಂ.ಎಲ್.ಡಿ.; ತಲಾ 12 ಚದರ ಮೀಟರಿನ ನಾಲ್ಕು ಫಿಲ್ಟರ್ ಬೆಡ್‌ಗಳು; ಶುದ್ಧ ನೀರನ್ನು 6 ಕಿ.ಮೀ. ದೂರದ, 40 ಮೀಟರ್ ಎತ್ತರದ ತೊಟ್ಟಿಗೆ ಒಯ್ಯುವ 300 ಮಿ.ಮೀ. ವ್ಯಾಸದ ಹಳೆಯ ಬೀಡುಕಬ್ಬಿಣದ ಏರು ಕೊಳವೆ. ನಿಮ್ಮ ಘಟಕದ ಅಂಕಿಗಳು ಬೇರೆಯಾಗಿದ್ದರೂ ಲೆಕ್ಕದ ಹಾದಿ ಇದೇ.

ಹಂತ 1: ಇರುವುದನ್ನು ಅಳೆಯಿರಿ

ನಾಮಫಲಕದ ಮೇಲಿರುವ ಸಾಮರ್ಥ್ಯವನ್ನು ನಂಬಬೇಡಿ. ಫ್ಲೋ ಮೀಟರ್ ಕೆಟ್ಟಿದ್ದರೂ ಶುದ್ಧ ನೀರಿನ ಸಂಪು ಒಂದು ಅಳತೆಪಾತ್ರೆಯೇ ಸರಿ. ಸಂಪಿಗೆ ಬರುವ ನೀರನ್ನು ನಿಲ್ಲಿಸಿ, ಪಂಪನ್ನು ಸರಿಯಾಗಿ ಅರ್ಧ ಗಂಟೆ ಓಡಿಸಿ, ಮಟ್ಟ ಎಷ್ಟು ಇಳಿಯಿತೆಂದು ನೋಡಿ. 20 ಮೀಟರ್ ಉದ್ದ, 10 ಮೀಟರ್ ಅಗಲದ ಸಂಪಿನಲ್ಲಿ ಮಟ್ಟ 60 ಸೆಂ.ಮೀ. ಇಳಿದರೆ ಹೊರಹೋದದ್ದು 120 ಘನ ಮೀಟರ್, ಎಂದರೆ ಗಂಟೆಗೆ 240 ಘನ ಮೀಟರ್. ಅದೇ ಹೊತ್ತಿನಲ್ಲಿ ಡೆಲಿವರಿ ಕೊಳವೆಯ ಒತ್ತಡವನ್ನೂ ಮೋಟಾರು ಎಳೆಯುವ ಕಿಲೋವಾಟನ್ನೂ ಬರೆದುಕೊಳ್ಳಿ.

ಈ ಮೂರು ಅಂಕಿಗಳಿಂದಲೇ ಪಂಪಿನ ಆರೋಗ್ಯ ತಿಳಿಯುತ್ತದೆ. ಗಂಟೆಗೆ 240 ಘನ ಮೀಟರ್ ನೀರನ್ನು ಎತ್ತರ ಮತ್ತು ಕೊಳವೆಯ ಘರ್ಷಣೆ ಸೇರಿದ 65 ಮೀಟರ್ ಒಟ್ಟು ಹೆಡ್‌ಗೆ ಎತ್ತಲು ನೀರಿಗೆ ತಲುಪಬೇಕಾದ ಶಕ್ತಿ ಸುಮಾರು 42.5 ಕಿ.ವ್ಯಾ. ಮೀಟರು 77 ಕಿ.ವ್ಯಾ. ತೋರಿಸುತ್ತಿದ್ದರೆ ಪಂಪು, ಮೋಟಾರು ಎರಡೂ ಸೇರಿದ ದಕ್ಷತೆ ಶೇ. 55 ಮಾತ್ರ. ನೀರನ್ನು ತಳ್ಳುವ ಚಕ್ರವಾದ ಇಂಪೆಲ್ಲರ್ ಸವೆದಿರಬಹುದು, ವೇರಿಂಗ್ ರಿಂಗ್‌ನ ಸಂದು ಅಗಲವಾಗಿರಬಹುದು, ಅಥವಾ ಪಂಪು ತನ್ನ ದಕ್ಷತೆ ಅತಿ ಹೆಚ್ಚಿರುವ ಬಿಂದುವಿನಿಂದ ದೂರ ಸರಿದು ಓಡುತ್ತಿರಬಹುದು. ಹೊಸ ಘಟಕದ ಮಾತಿಗೆ ಮುನ್ನ ಈ ಸೋರಿಕೆಯನ್ನು ಮುಚ್ಚುವುದು ಅಗ್ಗ.

ಇದರೊಡನೆ ಕನಿಷ್ಠ ಒಂದು ಮಳೆಗಾಲ ಮತ್ತು ಒಂದು ಬೇಸಿಗೆಯ ನೀರಿನ ಗುಣಮಟ್ಟದ ದಾಖಲೆ ಬೇಕು: ಕಚ್ಚಾ ನೀರಿನ ಕದಡು, ಪಿಎಚ್, ಕ್ಷಾರೀಯತೆ, ಪ್ರತಿಯೊಂದು ಫಿಲ್ಟರಿನಿಂದ ಹೊರಬರುವ ನೀರಿನ ಕದಡು, ಕೊನೆಯ ನಲ್ಲಿಯಲ್ಲಿ ಉಳಿದಿರುವ ಕ್ಲೋರಿನ್. ಎಲ್ಲ ಫಿಲ್ಟರುಗಳ ನೀರು ಕೂಡಿದ ಮೇಲೆ ತೆಗೆದ ಒಂದೇ ಮಾದರಿ ಸಾಲದು. ಮೂರು ಒಳ್ಳೆಯ ಬೆಡ್‌ಗಳು ನಾಲ್ಕನೆಯದರ ದೋಷವನ್ನು ಅಡಗಿಸಿಬಿಡುತ್ತವೆ.

ಹಂತ 2: ಬೇಡಿಕೆಯನ್ನು ಲೆಕ್ಕ ಹಾಕಿ

ಕೇಂದ್ರದ ಸಿ.ಪಿ.ಎಚ್.ಇ.ಇ.ಒ. (ಸಾರ್ವಜನಿಕ ಆರೋಗ್ಯ ಮತ್ತು ಪರಿಸರ ಎಂಜಿನಿಯರಿಂಗ್ ಸಂಸ್ಥೆ) ಕೈಪಿಡಿಯ ರೂಢಿಯಂತೆ ಪಂಪು, ಮೋಟಾರು ಮತ್ತು ಶುದ್ಧೀಕರಣದ ಅಂಗಗಳನ್ನು 15 ವರ್ಷದ ಬೇಡಿಕೆಗೂ ಏರು ಕೊಳವೆಯನ್ನು 30 ವರ್ಷದ ಬೇಡಿಕೆಗೂ ವಿನ್ಯಾಸ ಮಾಡುತ್ತಾರೆ. ನಮ್ಮ ಮಾದರಿಯಲ್ಲಿ 15 ವರ್ಷದ ನಂತರದ ಜನಸಂಖ್ಯೆ 1,20,000 ಎಂದುಕೊಂಡರೆ, ತಲೆಗೆ 55 ಲೀಟರಿನಂತೆ 6.6 ಎಂ.ಎಲ್.ಡಿ. ಬೇಕು. ದಾರಿಯಲ್ಲಿ ಶೇ. 15 ಸೋರುತ್ತದೆ ಎಂದಿಟ್ಟರೆ ಘಟಕದಿಂದ ಹೊರಡಬೇಕಾದದ್ದು ಸುಮಾರು 7.8 ಎಂ.ಎಲ್.ಡಿ. ಫಿಲ್ಟರ್ ತೊಳೆಯಲು ಹೋಗುವ ನೀರನ್ನೂ ಸೇರಿಸಿದರೆ ಹೊಳೆಯಿಂದ ಎತ್ತಬೇಕಾದದ್ದು 8.1 ಎಂ.ಎಲ್.ಡಿ. ಘಟಕ ದಿನಕ್ಕೆ 23 ಗಂಟೆ ನಡೆದರೆ ಗಂಟೆಗೆ ಸುಮಾರು 352 ಘನ ಮೀಟರ್.

ಸೋರಿಕೆಯ ಅಂಕಿಯನ್ನು ಮಾತ್ರ ಕೈಗೆ ಬಂದಂತೆ ಬರೆಯಬೇಡಿ. ಶೇ. 15ರ ಬದಲು ಶೇ. 35 ಸೋರುತ್ತಿದ್ದರೆ ಇದೇ ಲೆಕ್ಕ 10 ಎಂ.ಎಲ್.ಡಿ. ದಾಟುತ್ತದೆ, ಮತ್ತು ಆ ಹೆಚ್ಚುವರಿ ನೀರನ್ನು ಆಲಂ (ಕದಡನ್ನು ಗಂಟುಕಟ್ಟಿಸುವ ಪಟಿಕ), ಕ್ಲೋರಿನ್, ವಿದ್ಯುತ್ ಎಲ್ಲವನ್ನೂ ಸುರಿದು ಶುದ್ಧ ಮಾಡಿ ನೆಲಕ್ಕೆ ಬಿಟ್ಟಂತಾಗುತ್ತದೆ. ಪ್ರತಿ ಹಳ್ಳಿಯ ಟ್ಯಾಂಕಿನ ಒಳಹರಿವಿಗೆ ಮೀಟರ್ ಕೂರಿಸಿ, ನೀರುಗಂಟಿಗಳು ರಾತ್ರಿ ವಾಲ್ವ್ ಮುಚ್ಚಿದ ಮೇಲೂ ಹರಿವು ತೋರುವ ಕವಲುಗಳನ್ನು ಮೊದಲು ಹಿಡಿಯಿರಿ.

ಹಂತ 3: ನೀರಿನ ಮೂಲಕ್ಕೆ ಹಿಂತಿರುಗಿ

ಘಟಕವನ್ನು ದೊಡ್ಡದು ಮಾಡಿದ ಮಾತ್ರಕ್ಕೆ ಹೊಳೆ ದೊಡ್ಡದಾಗುವುದಿಲ್ಲ. ನೇತ್ರಾವತಿಗೆ ತುಂಬೆಯಲ್ಲಿ ಕಿಂಡಿ ಅಣೆಕಟ್ಟೆ ಇದ್ದರೂ ಬೇಸಿಗೆಯ ಕೊನೆಯಲ್ಲಿ ಮಟ್ಟ ಇಳಿದು ಮಂಗಳೂರಿಗೆ ಪಾಳಿಯ ಮೇಲೆ ನೀರು ಬಿಟ್ಟ ವರ್ಷಗಳಿವೆ. ಹೆಚ್ಚುವರಿ ನೀರಿನ ಹಂಚಿಕೆಗೆ ಜಲಸಂಪನ್ಮೂಲ ಇಲಾಖೆಯ ಅಥವಾ ಸಂಬಂಧಪಟ್ಟ ನೀರಾವರಿ ನಿಗಮದ ಅನುಮತಿ ಕೈಗೆ ಬರುವವರೆಗೆ ಅಂದಾಜುಪಟ್ಟಿಯನ್ನು ಅಂತಿಮಗೊಳಿಸಬಾರದು. ಕಾಲುವೆಯೇ ಮೂಲವಾಗಿದ್ದರೆ ಅದು ಮುಚ್ಚಿರುವ ದಿನಗಳಿಗೆಲ್ಲ ಸಾಲುವ ಸಂಗ್ರಹ ಕೆರೆ ಬೇಕು.

ಜಾಕ್‌ವೆಲ್‌ನಲ್ಲಿ ನೋಡಬೇಕಾದದ್ದು ಏಪ್ರಿಲ್–ಮೇ ತಿಂಗಳ ಕನಿಷ್ಠ ಮಟ್ಟ. ಹರಿವು ಹೆಚ್ಚಿದಂತೆ ಪಂಪಿನ ಬಾಯಿಗೆ ಬೇಕಾದ ಮುಳುಗಡೆಯೂ ಹೆಚ್ಚುತ್ತದೆ. ಅದು ಸಿಗದಿದ್ದರೆ ಸುಳಿ ಎದ್ದು ಗಾಳಿ ಒಳಹೋಗುತ್ತದೆ. ಪಂಪಿನೊಳಗೆ ಜಲ್ಲಿ ಉರುಳಿದಂತೆ ಸದ್ದು ಬಂದರೆ ಕ್ಯಾವಿಟೇಶನ್ (ನೀರಿನಲ್ಲಿ ಆವಿಗುಳ್ಳೆಗಳು ಎದ್ದು ಒಡೆಯುವುದು) ಆಗುತ್ತಿರುವ ಗುಮಾನಿ ಇರಲಿ. ಜಲಾಶಯದ ಹಿನ್ನೀರಿನಲ್ಲಿ ಬೇರೆ ಬೇರೆ ಮಟ್ಟದ ಬಾಗಿಲುಗಳಿರುವ ಇನ್‌ಟೇಕ್ ಒಳ್ಳೆಯದು: ಬೇಸಿಗೆಯಲ್ಲಿ ಮೇಲ್ಪದರದಲ್ಲಿ ಪಾಚಿ ಬೆಳೆಯುತ್ತದೆ, ತಳದ ಪದರದಲ್ಲಿ ಆಮ್ಲಜನಕ ಕುಗ್ಗಿ ಕಬ್ಬಿಣ, ಮ್ಯಾಂಗನೀಸ್ ಕರಗಿ ಬರುತ್ತವೆ.

ಹಂತ 4: ತಿಳಿಗೊಳಿಸುವ ತೊಟ್ಟಿ ಮತ್ತು ಫಿಲ್ಟರ್

ಮೊದಲು ಜಾರ್ ಟೆಸ್ಟ್. ಆರು ಜಾಡಿಗಳಲ್ಲಿ ಲೀಟರಿಗೆ 10ರಿಂದ 60 ಮಿ.ಗ್ರಾಂ. ಆಲಂ ಹಾಕಿ, ಒಂದು ನಿಮಿಷ ವೇಗವಾಗಿ, ಹದಿನೈದು ಇಪ್ಪತ್ತು ನಿಮಿಷ ನಿಧಾನವಾಗಿ ಕಲಕಿ, ಅರ್ಧ ಗಂಟೆ ತಂಗಲು ಬಿಟ್ಟು ಮೇಲಿನ ನೀರಿನ ಕದಡನ್ನು ನೋಡುವ ಈ ಪರೀಕ್ಷೆಗೆ ಒಂದು ಗಂಟೆ ಸಾಕು. ಮಲೆನಾಡಿನ ಹೊಳೆಗಳಲ್ಲಿ ಜುಲೈ ತಿಂಗಳ ಮೊದಲ ನೆರೆಯ ನೀರು ಕೆಂಪಗೆ ಬರುವಾಗ ಪ್ರಮಾಣ ದಿನದಿಂದ ದಿನಕ್ಕೆ ಬದಲಾಗುತ್ತದೆ. ಆದ್ದರಿಂದ ಪರೀಕ್ಷೆ ವರ್ಷಕ್ಕೊಮ್ಮೆಯ ವಿಧಿಯಲ್ಲ, ಆಪರೇಟರ್ ಮಾಡಬೇಕಾದ ನಿತ್ಯದ ಕೆಲಸ. ಆಲಂ ನೀರಿನ ಕ್ಷಾರೀಯತೆಯನ್ನು ತಿನ್ನುತ್ತದೆ: ಲೀಟರಿಗೆ 1 ಮಿ.ಗ್ರಾಂ. ಆಲಂಗೆ ಸುಮಾರು ಅರ್ಧ ಮಿ.ಗ್ರಾಂ. ಮಳೆನೀರಿನಷ್ಟು ಮೆದುವಾದ ಹೊಳೆನೀರಿನಲ್ಲಿ ಪಿಎಚ್ ಕುಸಿದರೆ ಗಸಿ (ಕದಡಿನ ಗಂಟು) ಸರಿಯಾಗಿ ಕಟ್ಟುವುದಿಲ್ಲ. ಆಗ ಸುಣ್ಣ ಸೇರಿಸಬೇಕು, ಇಲ್ಲವೇ ಪಾಲಿ ಅಲ್ಯುಮಿನಿಯಂ ಕ್ಲೋರೈಡ್ ಬಳಸಿ ನೋಡಬೇಕು. ಗೋದಾಮಿನ ಲೆಕ್ಕವನ್ನೂ ಇಲ್ಲಿಯೇ ಮಾಡಿ: 8.1 ಎಂ.ಎಲ್.ಡಿ.ಗೆ ಲೀಟರಿಗೆ 30 ಮಿ.ಗ್ರಾಂ.ನಂತೆ ದಿನಕ್ಕೆ 243 ಕೆ.ಜಿ. ಆಲಂ ಬೇಕು, ನೆರೆಯ ದಿನಗಳಲ್ಲಿ ಅದರ ಎರಡರಷ್ಟು.

ಕ್ಲಾರಿಫ್ಲಾಕ್ಯುಲೇಟರ್ ಎಂಬ ತಿಳಿಗೊಳಿಸುವ ತೊಟ್ಟಿಯಲ್ಲಿ ಪ್ರತಿ ಚದರ ಮೀಟರ್ ಮೇಲ್ಮೈಗೆ ದಿನಕ್ಕೆ 30ರಿಂದ 40 ಘನ ಮೀಟರ್ ನೀರು ಎಂಬುದು ಆಲಂ ಗಸಿಗೆ ಒಪ್ಪುವ ಹೊರೆ. 23 ಗಂಟೆಯ ಓಟಕ್ಕೆ 35ರಂತೆ ಕಟ್ಟಿದ ನಮ್ಮ 5 ಎಂ.ಎಲ್.ಡಿ. ತೊಟ್ಟಿಯ ಮೇಲ್ಮೈ ಸುಮಾರು 149 ಚದರ ಮೀಟರ್. ಹೊಸ ಹರಿವಿನಲ್ಲಿ ಹೊರೆ 57ಕ್ಕೆ ಏರುತ್ತದೆ, ಗಸಿ ತಂಗುವ ಮುನ್ನವೇ ಅಂಚು ದಾಟಿ ಫಿಲ್ಟರಿಗೆ ಬರುತ್ತದೆ. ಹೊಸ ತೊಟ್ಟಿ ಕಟ್ಟಲು ಜಾಗವಿಲ್ಲದಿದ್ದರೆ 60 ಡಿಗ್ರಿ ಓರೆಯಾಗಿ ನಿಲ್ಲಿಸುವ ಟ್ಯೂಬ್ ಸೆಟ್ಲರ್‌ಗಳನ್ನು ಹಳೆಯ ತೊಟ್ಟಿಯಲ್ಲೇ ಅಳವಡಿಸಬಹುದು. ಆದರೆ ಅವು ಕೂರಿಸಿ ಮರೆಯುವ ವಸ್ತುವಲ್ಲ. ಕೊಳವೆಗಳಲ್ಲಿ ಗಸಿ, ಪಾಚಿ ಕಟ್ಟುತ್ತದೆ. ತೊಟ್ಟಿಯನ್ನು ಇಳಿಸಿ ನೀರಿನ ಧಾರೆಯಿಂದ ತೊಳೆಯುವ ವ್ಯವಸ್ಥೆ ಬೇಕು, ಕೆಳಗೆ ಸುತ್ತುವ ಸ್ಕ್ರೇಪರ್‌ಗೆ ಅಡ್ಡಿಯಾಗದಂತೆ ಆಧಾರದ ಚೌಕಟ್ಟು ಬೇಕು, ಮತ್ತು ಹಳೆಯ ಕಾಂಕ್ರೀಟು ಆ ಭಾರವನ್ನು ತಾಳುತ್ತದೆಯೇ ಎಂಬ ಪರಿಶೀಲನೆ ಬೇಕು.

ಫಿಲ್ಟರುಗಳದ್ದು ಇನ್ನೂ ಸೂಕ್ಷ್ಮವಾದ ಲೆಕ್ಕ. ಸಾಮಾನ್ಯ ರ್‍ಯಾಪಿಡ್ ಮರಳು ಫಿಲ್ಟರಿಗೆ ಒಪ್ಪುವ ವೇಗ ಗಂಟೆಗೆ 4.8ರಿಂದ 6 ಮೀಟರ್. ನಾಲ್ಕು ಬೆಡ್‌ಗಳ 48 ಚದರ ಮೀಟರ್ ಮೇಲೆ ಗಂಟೆಗೆ 352 ಘನ ಮೀಟರ್ ಹರಿದರೆ ವೇಗ 7.3, ಒಂದನ್ನು ತೊಳೆಯಲು ನಿಲ್ಲಿಸಿದಾಗ ಉಳಿದ ಮೂರರ ಮೇಲೆ 9.8. ಇನ್ನೆರಡು ಬೆಡ್ ಕಟ್ಟಿದರೆ ಒಂದು ನಿಂತಾಗಲೂ 60 ಚದರ ಮೀಟರ್ ಇರುತ್ತದೆ, ವೇಗ 5.9ಕ್ಕೆ ಇಳಿಯುತ್ತದೆ. ಯಾವಾಗಲೂ ‘ಒಂದು ನಿಂತಾಗ’ ಎಂಬ ಸ್ಥಿತಿಗೇ ಲೆಕ್ಕ ಹಾಕಬೇಕು, ಏಕೆಂದರೆ ಕಲುಷಿತ ನೀರು ದಾಟಿಹೋಗುವುದು ಆ ಹೊತ್ತಿನಲ್ಲೇ.

ಹಳೆಯ ಬೆಡ್‌ಗಳ ಮರಳನ್ನು ಒಮ್ಮೆ ಪೂರ್ತಿ ಹೊರತೆಗೆದು ನೋಡಿ. ತೊಳೆಯುವಾಗ ಒಂದು ಮೂಲೆಯಲ್ಲಿ ನೀರು ಕುದಿದಂತೆ ಉಕ್ಕಿ ಇನ್ನೊಂದು ಮೂಲೆ ತಣ್ಣಗೆ ಇದ್ದರೆ ತಳದ ನಾಝಲ್ ಒಡೆದಿದೆ ಅಥವಾ ಜಲ್ಲಿಯ ಪದರ ಜರುಗಿದೆ ಎಂದರ್ಥ. ಮರಳಿನಲ್ಲಿ ಕೆಸರಿನ ಉಂಡೆಗಳು ಸಿಕ್ಕರೆ ಹಲವು ಕಾಲದಿಂದ ಗಾಳಿಯ ತೊಳೆತ ಸಾಲದಾಗಿದೆ. ಹೊಸದಾಗಿ ತುಂಬುವುದು ಹೊಳೆಯಿಂದ ತಂದು ಜರಡಿ ಹಿಡಿದ ಕಟ್ಟಡದ ಮರಳಾಗಬಾರದು: ಪರಿಣಾಮಕಾರಿ ಗಾತ್ರ 0.45ರಿಂದ 0.70 ಮಿ.ಮೀ., ಏಕರೂಪತೆಯ ಗುಣಾಂಕ 1.3ರಿಂದ 1.7ರೊಳಗೆ ಇರುವ ಸಿಲಿಕಾ ಮರಳು, 60ರಿಂದ 75 ಸೆಂ.ಮೀ. ದಪ್ಪಕ್ಕೆ. ಪ್ರತಿ ಲೋಡಿನ ಜರಡಿ ಪರೀಕ್ಷೆಯ ವರದಿ ಬಂದ ಮೇಲೆಯೇ ಚೀಲ ಬಿಚ್ಚಲಿ. ಮರಳು ತುಂಬುವ ಮುನ್ನ ಬರಿಯ ತಳಕ್ಕೆ ಸ್ವಲ್ಪ ನೀರು ನಿಲ್ಲಿಸಿ ಗಾಳಿ ಬಿಟ್ಟು, ಗುಳ್ಳೆಗಳು ಎಲ್ಲ ನಾಝಲ್‌ಗಳಿಂದ ಸಮನಾಗಿ ಏಳುತ್ತವೆಯೇ ಎಂದು ನೋಡುವ ಹತ್ತು ನಿಮಿಷದ ಪರೀಕ್ಷೆಯನ್ನು ಬಿಟ್ಟರೆ, ಆಮೇಲೆ ಹತ್ತಾರು ಟನ್ ಮರಳನ್ನು ಮತ್ತೆ ಹೊರಹಾಕಬೇಕಾದೀತು.

ತೊಳೆದ ನೀರನ್ನು ಹಳ್ಳಕ್ಕೆ ಬಿಡುವ ಹಳೆಯ ಪದ್ಧತಿಯನ್ನು ಈ ಸಂದರ್ಭದಲ್ಲೇ ನಿಲ್ಲಿಸಿ. ಅದನ್ನು ತಂಗಿಸಿ ತಿಳಿಯನ್ನು ಮತ್ತೆ ಘಟಕದ ತಲೆಗೆ ಪಂಪ್ ಮಾಡಿ, ಗಸಿಯನ್ನು ಒಣಗಿಸುವ ಹಾಸುಗಳಿಗೆ ಕಳುಹಿಸಬೇಕು.

ಒಂದು ಎಚ್ಚರಿಕೆ: ಆಲಂ, ಮರಳು, ಕ್ಲೋರಿನ್‌ಗಳ ಈ ಸಾಂಪ್ರದಾಯಿಕ ಘಟಕ ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟುಗಳನ್ನು ನೆಚ್ಚಿಕೊಳ್ಳುವ ಮಟ್ಟಿಗೆ ತೆಗೆಯುವುದಿಲ್ಲ. ಕೊಳವೆಬಾವಿಯ ನೀರನ್ನು ಸಂಪಿನಲ್ಲಿ ಬೆರೆಸುವ ಯೋಚನೆ ಇದ್ದರೆ ಮೊದಲು ಪ್ರಯೋಗಾಲಯದ ವರದಿ ತರಿಸಿ.

ಹಂತ 5: ಸೋಂಕು ನಿವಾರಣೆ

ಭಾರತೀಯ ಮಾನಕ ಐ.ಎಸ್. 10500:2012ರ ಪ್ರಕಾರ ಕುಡಿಯುವ ನೀರಿನ ಕದಡು 1 ಎನ್.ಟಿ.ಯು. (ಕದಡನ್ನು ಅಳೆಯುವ ಮಾನ) ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದಾಗ 5ರವರೆಗೆ ವಿನಾಯಿತಿ, 100 ಮಿ.ಲೀ. ನೀರಿನಲ್ಲಿ ಇ-ಕೋಲೈ ಕಾಣಬಾರದು. ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿ.ಗ್ರಾಂ. ಇರಬೇಕು. ಕದಡಿರುವ ನೀರಿನಲ್ಲಿ ಕಣಗಳ ಮರೆಯಲ್ಲಿ ಸೂಕ್ಷ್ಮಾಣುಗಳು ಉಳಿದುಬಿಡುವುದರಿಂದ ಫಿಲ್ಟರಿನ ದೋಷವನ್ನು ಕ್ಲೋರಿನ್ ಹೆಚ್ಚಿಸಿ ಸರಿದೂಗಿಸಲಾಗದು.

ಕ್ಲೋರಿನ್‌ಗೆ ನೀರಿನೊಡನೆ ಕನಿಷ್ಠ 30 ನಿಮಿಷದ ಸಂಪರ್ಕ ಬೇಕು. ಹರಿವು ಹೆಚ್ಚಿದಾಗ ಅದೇ ಸಂಪಿನಲ್ಲಿ ಈ ಸಮಯ ಕುಗ್ಗುತ್ತದೆ ಎಂಬುದನ್ನು ಹಲವು ಅಂದಾಜುಪಟ್ಟಿಗಳು ಮರೆಯುತ್ತವೆ. ಒಳಬಾಯಿಯಿಂದ ಪಂಪಿನ ಬಾಯಿಗೆ ನೀರು ನೇರ ದಾರಿ ಹಿಡಿಯದಂತೆ ಸಂಪಿನೊಳಗೆ ಅಡ್ಡಗೋಡೆಗಳನ್ನು ಕಟ್ಟಿ ಹಾವಿನಂತೆ ಸುತ್ತಿಸಿದರೆ ಕಡಿಮೆ ಖರ್ಚಿನಲ್ಲಿ ಸಮಯ ಸಿಗುತ್ತದೆ. ಲೀಟರಿಗೆ 2 ಮಿ.ಗ್ರಾಂ.ನಂತೆ ನಮ್ಮ ಘಟಕಕ್ಕೆ ದಿನಕ್ಕೆ 15.5 ಕೆ.ಜಿ. ಕ್ಲೋರಿನ್ ಬೇಕು, ಶೇ. 30ರ ಬ್ಲೀಚಿಂಗ್ ಪುಡಿಯಲ್ಲಾದರೆ ಸುಮಾರು 52 ಕೆ.ಜಿ. ಇಟ್ಟಲ್ಲೇ ಸತ್ವ ಕಳೆದುಕೊಳ್ಳುವ ಪುಡಿಯನ್ನು ಈ ಪ್ರಮಾಣದಲ್ಲಿ ದಿನವೂ ಕಲಸುವುದಕ್ಕಿಂತ ಅನಿಲದ ಸಿಲಿಂಡರ್ ಅಥವಾ ಉಪ್ಪುನೀರಿನಿಂದ ಸ್ಥಳದಲ್ಲೇ ತಯಾರಿಸುವ ಎಲೆಕ್ಟ್ರೋಕ್ಲೋರಿನೇಟರ್ ಲೇಸು. ಅನಿಲವನ್ನು ಆರಿಸಿಕೊಂಡರೆ ಪ್ರತ್ಯೇಕ ಕೊಠಡಿ, ನೆಲಮಟ್ಟದಲ್ಲಿ ಗಾಳಿ ಹೊರಹೋಗುವ ಫ್ಯಾನು, ಸೋರಿಕೆಯ ಎಚ್ಚರಿಕೆ ಗಂಟೆ, ಕೊಠಡಿಯ ಹೊರಗೆ ಉಸಿರಾಟದ ಉಪಕರಣ, ಇವಿಷ್ಟೂ ಅದೇ ಟೆಂಡರಿನಲ್ಲಿ ಇರಲೇಬೇಕು. ಕ್ಲೋರಿನ್ ಗಾಳಿಗಿಂತ ಭಾರ. ಮೇಲಿನ ಕಿಟಕಿ ಅದಕ್ಕೆ ದಾರಿಯಲ್ಲ.

ಹಂತ 6: ಪಂಪು ಮತ್ತು ಏರು ಕೊಳವೆಯನ್ನು ಒಟ್ಟಿಗೆ ಆರಿಸಿ

ಹಣ ಉಳಿಯುವುದೂ ಪೋಲಾಗುವುದೂ ಇಲ್ಲಿಯೇ. ಪಂಪ್ ಎತ್ತಬೇಕಾದ ಒಟ್ಟು ಹೆಡ್‌ನಲ್ಲಿ ಎರಡು ಭಾಗ: ಬದಲಾಗದ ಎತ್ತರ, ಮತ್ತು ಹರಿವಿನ ಸುಮಾರು 1.85ನೇ ಘಾತದಂತೆ ಏರುವ ಘರ್ಷಣೆ. ನಮ್ಮ ಹಳೆಯ 300 ಮಿ.ಮೀ. ಕೊಳವೆಯಲ್ಲಿ ಗಂಟೆಗೆ 240 ಘನ ಮೀಟರ್ ಹರಿಯುವಾಗ ಘರ್ಷಣೆ 25 ಮೀಟರ್, ಎತ್ತರ 40, ಒಟ್ಟು 65. ಈಗ 7.8 ಎಂ.ಎಲ್.ಡಿ.ಯನ್ನು 20 ಗಂಟೆಗಳಲ್ಲಿ ಕಳುಹಿಸಲು ಗಂಟೆಗೆ 388 ಘನ ಮೀಟರ್ ಬೇಕು. ಹರಿವು 1.6 ಪಟ್ಟು ಹೆಚ್ಚಿತು, ಘರ್ಷಣೆ ಮಾತ್ರ 2.4 ಪಟ್ಟಾಗಿ 60 ಮೀಟರಿಗೆ ಏರಿತು. ಒಟ್ಟು 100 ಮೀಟರ್. ಶೇ. 70 ದಕ್ಷತೆಯಲ್ಲಿ ಇದಕ್ಕೆ 151 ಕಿ.ವ್ಯಾ. ಬೇಕು.

ಅದೇ ದಾರಿಯಲ್ಲಿ 400 ಮಿ.ಮೀ. ವ್ಯಾಸದ, ಒಳಗೆ ಸಿಮೆಂಟ್ ಲೇಪನವಿರುವ ಡಕ್ಟೈಲ್ ಕಬ್ಬಿಣದ ಕೊಳವೆ ಹಾಕಿದರೆ ಘರ್ಷಣೆ 10 ಮೀಟರಿನೊಳಗೆ, ಒಟ್ಟು ಹೆಡ್ 50 ಮೀಟರಿನ ಸುತ್ತ, ಬೇಕಾದ ಶಕ್ತಿ ಸುಮಾರು 76 ಕಿ.ವ್ಯಾ. ಉಳಿಯುವ 75 ಕಿಲೋವಾಟ್ ದಿನಕ್ಕೆ 20 ಗಂಟೆಗೆ 1,500 ಯೂನಿಟ್, ವರ್ಷಕ್ಕೆ ಸುಮಾರು 5.5 ಲಕ್ಷ ಯೂನಿಟ್. ಇದನ್ನು ನಿಮ್ಮ ಎಸ್ಕಾಂನ ದರದಿಂದ ಗುಣಿಸಿ, ಕೊಳವೆಯ ಹೆಚ್ಚುವರಿ ವೆಚ್ಚದೊಡನೆ ಹೋಲಿಸಿ. ಜೊತೆಗೆ 30 ವರ್ಷದ ಬೇಡಿಕೆಗೆ 450 ಮಿ.ಮೀ. ವ್ಯಾಸದ ಲೆಕ್ಕವನ್ನೂ ಮಾಡಿ, ವರ್ಷಗಟ್ಟಲೆಯ ಒಟ್ಟು ವೆಚ್ಚ ಯಾವುದಕ್ಕೆ ಕನಿಷ್ಠವೋ ಅದನ್ನು ಆರಿಸಿ. ಟೆಂಡರಿನಲ್ಲಿ ಅಗ್ಗವಾಗಿ ಕಾಣುವ ‘ಪಂಪ್ ಮಾತ್ರ’ ಆಯ್ಕೆಯ ನಿಜವಾದ ಬೆಲೆ ಹೀಗೆ ಹೊರಬೀಳುತ್ತದೆ.

ಮೀಸಲು ಪಂಪನ್ನೂ ಜೊತೆಗೆ ಓಡಿಸಿದರೆ ಎರಡು ಪಟ್ಟು ನೀರು ಬರುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಘರ್ಷಣೆಯೇ ಹೆಚ್ಚಿರುವ ಕಿರಿದಾದ ಕೊಳವೆಯಲ್ಲಿ ಎರಡನೆಯ ಪಂಪ್ ಸೇರಿಸುವುದು ಅಲ್ಪವೇ; ಹರಿವು ಹೆಚ್ಚಿದಂತೆ ಘರ್ಷಣೆ ಅದಕ್ಕಿಂತ ವೇಗವಾಗಿ ಏರಿ, ಪ್ರತಿ ಪಂಪೂ ಹೆಚ್ಚಿನ ಹೆಡ್ಡಿನಲ್ಲಿ ಕಡಿಮೆ ನೀರು ಕೊಡುತ್ತದೆ. ಎರಡು ಚಾಲ್ತಿ, ಒಂದು ಮೀಸಲು ಎಂಬ ಜೋಡಣೆ ಒಳ್ಳೆಯದು, ಆದರೆ ಆ ಎರಡು ಕೂಡಿ ಓಡುವ ಬಿಂದುವನ್ನು ಕೊಳವೆಯ ಹರಿವು–ಹೆಡ್ ವಕ್ರರೇಖೆಯ ಮೇಲೆ ಗುರುತಿಸಿದ ನಂತರವೇ ಪಂಪಿನ ಆಯ್ಕೆಯಾಗಬೇಕು. ಇಲ್ಲಿನ 400 ಮಿ.ಮೀ. ಕೊಳವೆಯಂತೆ ಎತ್ತರದ ಪಾಲೇ ದೊಡ್ಡದಾಗಿರುವಲ್ಲಿ ವೇಗ ಬದಲಿಸುವ ಡ್ರೈವ್‌ನಿಂದ ಮಾರಾಟಗಾರರು ಹೇಳುವಷ್ಟು ಉಳಿತಾಯ ಸಿಗುವುದಿಲ್ಲ. ಕಾವೇರಿ ನೀರನ್ನು ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಗಳಲ್ಲಿ ಹಂತ ಹಂತವಾಗಿ ಎತ್ತಿ ಬೆಂಗಳೂರಿಗೆ ತರುವ ವ್ಯವಸ್ಥೆಯಲ್ಲಾಗಲಿ, ಹಳ್ಳಿಯ 40 ಮೀಟರಿನ ಏರಿಕೆಯಲ್ಲಾಗಲಿ, ನೆಲದ ಎತ್ತರಕ್ಕೆ ರಿಯಾಯಿತಿ ಇಲ್ಲ.

ಹಂತ 7: ನೀರಿನ ಹೊಡೆತದಿಂದ ರಕ್ಷಣೆ

ಕರೆಂಟ್ ಹೋದ ಕ್ಷಣ ಪಂಪ್ ನಿಲ್ಲುತ್ತದೆ, ಆರು ಕಿಲೋಮೀಟರ್ ಉದ್ದದ ನೀರಿನ ಕಂಬ ನಿಲ್ಲುವುದಿಲ್ಲ. ಕಬ್ಬಿಣದ ಕೊಳವೆಯಲ್ಲಿ ಒತ್ತಡದ ಅಲೆ ಸೆಕೆಂಡಿಗೆ 1,000 ಮೀಟರಿಗಿಂತ ವೇಗವಾಗಿ ಓಡುತ್ತದೆ. ಪ್ರತಿ 1 ಮೀ/ಸೆ. ವೇಗ ಹಠಾತ್ತನೆ ನಿಂತರೆ ಒತ್ತಡದಲ್ಲಿ 100 ಮೀಟರಿಗೂ ಹೆಚ್ಚಿನ ಏರಿಳಿತ. ಹಳೆಯ ಕೊಳವೆಯಲ್ಲಿ ಹೊಸ ಹರಿವಿನ ವೇಗ 1.5 ಮೀ/ಸೆ., 400 ಮಿ.ಮೀ. ಕೊಳವೆಯಲ್ಲಿ 0.86. ದಪ್ಪ ಕೊಳವೆಯ ಪರವಾಗಿ ಇದು ಇನ್ನೊಂದು ವಾದ.

ಆದ್ದರಿಂದ ನೆಲದ ಏರಿಳಿತದ ನಕ್ಷೆಯೊಡನೆ ಸರ್ಜ್ (ಒತ್ತಡದ ಅಲೆಯ) ವಿಶ್ಲೇಷಣೆ ಮಾಡಿಸಿ, ಅದರಂತೆ ಹೊಡೆತವನ್ನು ಹೀರುವ ಸರ್ಜ್ ವೆಸಲ್, ನೀರು ಹಿಂದಿರುಗುವ ಮುನ್ನ ಮುಚ್ಚುವ ಝೀರೋ ವೆಲಾಸಿಟಿ ವಾಲ್ವ್, ಏರ್ ವಾಲ್ವ್‌ಗಳ ಜಾಗವನ್ನು ನಿಗದಿಪಡಿಸಿ. ಎತ್ತರದ ತಿರುವುಗಳಲ್ಲಿ ಏರ್ ವಾಲ್ವ್ ಕೆಲಸ ಮಾಡದಿದ್ದರೆ ಕೊಳವೆಯೊಳಗೆ ನಿರ್ವಾತ ಉಂಟಾಗಿ, ಕೀಲುಗಳ ಸಂದಿನಿಂದ ಹೊರಗಿನ ಚರಂಡಿಯ ನೀರು ಒಳಗೆ ಎಳೆಯಲ್ಪಡುತ್ತದೆ. ತಿರುವುಗಳಲ್ಲಿ ಕೊಳವೆ ಜರುಗದಂತೆ ಹಿಡಿಯುವ ಥ್ರಸ್ಟ್ ಬ್ಲಾಕ್ ಇಲ್ಲದೆ ಮಣ್ಣು ಮುಚ್ಚಲು ಬಿಡಬೇಡಿ.

ಹಂತ 8: ವಿದ್ಯುತ್ ಮತ್ತು ನಿಯಂತ್ರಣ

ಇಪ್ಪತ್ತು ಗಂಟೆ ಪಂಪಿಂಗ್ ಎಂದು ಲೆಕ್ಕ ಮಾಡಿ ದಿನಕ್ಕೆ ಕೆಲವೇ ಗಂಟೆ ವಿದ್ಯುತ್ ಸಿಗುವ ಕೃಷಿ ಫೀಡರಿಗೆ ಜೋಡಿಸಿದರೆ ಮೇಲಿನ ಲೆಕ್ಕವೆಲ್ಲ ವ್ಯರ್ಥ. ಪ್ರತ್ಯೇಕ 11 ಕೆ.ವಿ. ಎಕ್ಸ್‌ಪ್ರೆಸ್ ಫೀಡರಿಗೆ ಎಸ್ಕಾಂಗೆ ಅರ್ಜಿಯನ್ನು ಆರಂಭದಲ್ಲೇ ಹಾಕಿ. ಕಂಬ, ತಂತಿ, ಅನುಮತಿಗಳಿಗೆ ಹಿಡಿಯುವ ಸಮಯ ಸಿವಿಲ್ ಕೆಲಸಕ್ಕಿಂತ ಹೆಚ್ಚಾಗಬಹುದು. ಸಾಫ್ಟ್ ಸ್ಟಾರ್ಟರ್, ಪವರ್ ಫ್ಯಾಕ್ಟರ್ ಸರಿಪಡಿಸುವ ಕೆಪಾಸಿಟರ್, ಸಿಡಿಲಿನಿಂದ ರಕ್ಷಣೆ ಅಗತ್ಯ. ಸ್ಕಾಡಾ (ಕಂಪ್ಯೂಟರಿನಿಂದ ದೂರದಲ್ಲೇ ನೋಡಿ ನಿಯಂತ್ರಿಸುವ ವ್ಯವಸ್ಥೆ) ಬೇಕು ಎನಿಸಿದರೆ ಹರಿವು, ಮಟ್ಟ, ಕದಡು, ಕ್ಲೋರಿನ್, ಕಿಲೋವಾಟ್ ಈ ಐದರಿಂದ ಆರಂಭಿಸಿದರೆ ಸಾಕು. ಸೆನ್ಸರ್ ಒರೆಸಿ ಸರಿಹೊಂದಿಸುವವರು ಇಲ್ಲದ ಕಡೆ ದೊಡ್ಡ ಪರದೆ ಬರಿಯ ಅಲಂಕಾರ.

ಹಂತ 9: ನೀರು ನಿಲ್ಲಿಸದೆ ಕೆಲಸ

ಖರೀದಿಯನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರಂತೆ ಮಾಡುವಾಗ, ದಕ್ಷತೆಯ ಖಾತರಿಯನ್ನೂ ಹಲವು ವರ್ಷಗಳ ನಿರ್ವಹಣೆಯನ್ನೂ ಅದೇ ಗುತ್ತಿಗೆಯಲ್ಲಿ ಸೇರಿಸಿ. ಕಾಮಗಾರಿಯ ಜೋಡಣೆ ಮಾತ್ರ ಗುತ್ತಿಗೆದಾರರ ಇಷ್ಟಕ್ಕೆ ಬಿಡುವ ವಿಷಯವಲ್ಲ.

ನವೆಂಬರಿನಿಂದ ಜನವರಿಯವರೆಗಿನ ಅವಧಿ ಉತ್ತಮ: ಮಳೆಯ ಕದಡು ಇಳಿದಿರುತ್ತದೆ, ಹೊಳೆಯಲ್ಲಿ ನೀರಿರುತ್ತದೆ, ಬೇಸಿಗೆಯ ಬೇಡಿಕೆ ಇನ್ನೂ ಬಂದಿರುವುದಿಲ್ಲ. ಮೊದಲು ಎರಡು ಹೊಸ ಫಿಲ್ಟರುಗಳನ್ನು ಕಟ್ಟಿ ಚಾಲನೆಗೆ ತನ್ನಿ. ಅವು ನೀರು ಕೊಡಲು ತೊಡಗಿದ ಮೇಲೆ ಹಳೆಯ ನಾಲ್ಕನ್ನು ಒಂದೊಂದಾಗಿ ಬಿಚ್ಚಿ. ಹೊಸ ಏರು ಕೊಳವೆಯನ್ನು ಹಳೆಯದರ ಪಕ್ಕದಲ್ಲಿ ಪೂರ್ತಿ ಮುಗಿಸಿ, ಪರೀಕ್ಷಿಸಿ, ಜೋಡಣೆಯನ್ನು ಮಾತ್ರ ಒಂದು ನಿಗದಿತ ರಾತ್ರಿಗೆ ಇಟ್ಟುಕೊಳ್ಳಿ. ಆ ರಾತ್ರಿಗೆ ಬೇಕಾದ ಬೆಂಡು, ಫ್ಲ್ಯಾಂಜ್, ಗ್ಯಾಸ್ಕೆಟ್, ಬೋಲ್ಟ್ ಎಲ್ಲವನ್ನೂ ಹಿಂದಿನ ದಿನ ಹಗಲಿನಲ್ಲೇ ನೆಲದ ಮೇಲೆ ಜೋಡಿಸಿ ನೋಡಿ. ಹಳೆಯ ಬೀಡುಕಬ್ಬಿಣದ ಕೊಳವೆಯ ಹೊರವ್ಯಾಸವನ್ನು ಗುಂಡಿ ತೋಡಿ ಅಳೆಯದೆ ಕಪ್ಲಿಂಗ್ ತರಿಸಬೇಡಿ. ಜಾತ್ರೆ, ಹಬ್ಬ, ಮದುವೆಯ ದಟ್ಟಣೆಯ ದಿನಗಳನ್ನು ಪಂಚಾಯಿತಿಗಳಿಂದ ಕೇಳಿ ತಿಳಿದು ಬಿಟ್ಟುಬಿಡಿ, ಎಲ್ಲ ಟ್ಯಾಂಕುಗಳನ್ನು ತುಂಬಿಸಿಟ್ಟು ಡಂಗುರ ಸಾರಿಸಿ.

ಹಂತ 10: ಪರೀಕ್ಷೆ ಮತ್ತು ಹಸ್ತಾಂತರ

ಹೊಸ ತೊಟ್ಟಿಗಳನ್ನು ತುಂಬಿಸಿ, ಕಾಂಕ್ರೀಟು ನೀರು ಹೀರಿಕೊಳ್ಳಲು ಬಿಟ್ಟ ನಂತರ 7 ದಿನಗಳ ಮಟ್ಟವನ್ನು ದಾಖಲಿಸಿ. ಈ ಅವಧಿಯ ಇಳಿಕೆಯನ್ನು ಐ.ಎಸ್. 3370ರ ಜೊತೆ ಹೋಲಿಸಿ, ತೆರೆದ ತೊಟ್ಟಿಯಲ್ಲಿ ಆವಿಯಾಗುವ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೊಳವೆಯ ಒತ್ತಡ ಪರೀಕ್ಷೆಯನ್ನು ಭಾಗ ಭಾಗವಾಗಿ, ಕೀಲುಗಳು ಕಣ್ಣಿಗೆ ಕಾಣುತ್ತಿರುವಾಗಲೇ ಮಾಡಿ. ಆಮೇಲೆ ಲೀಟರಿಗೆ 25 ಮಿ.ಗ್ರಾಂ. ಕ್ಲೋರಿನ್ ಇರುವ ನೀರನ್ನು ಕೊಳವೆಯಲ್ಲಿ 24 ಗಂಟೆ ನಿಲ್ಲಿಸಿ. ಕೊನೆಗೆ ಕನಿಷ್ಠ 10 ಮಿ.ಗ್ರಾಂ. ಉಳಿದಿದ್ದರೆ ಚೆನ್ನಾಗಿ ತೊಳೆದು ಸೂಕ್ಷ್ಮಾಣು ಪರೀಕ್ಷೆಗೆ ಕಳುಹಿಸಿ, ಇಲ್ಲದಿದ್ದರೆ ಮತ್ತೊಮ್ಮೆ ತುಂಬಿಸಿ. ಆ ಕ್ಲೋರಿನ್ ನೀರನ್ನು ಕೆರೆಗೋ ಹಳ್ಳಕ್ಕೋ ನೇರವಾಗಿ ಬಿಟ್ಟರೆ ಮೀನು ಸಾಯುತ್ತವೆ.

ಪಂಪಿನ ಅಂತಿಮ ಪರೀಕ್ಷೆಗೆ ಮತ್ತೆ ಸಂಪಿನ ಮಟ್ಟವನ್ನೇ ಅಳೆಯಿರಿ. ಹೊಸ ಫ್ಲೋ ಮೀಟರ್ ಹೇಳುವುದಕ್ಕೂ ಸಂಪು ಹೇಳುವುದಕ್ಕೂ ತಾಳೆಯಾಗಬೇಕು. ಖಾತರಿ ಕೊಟ್ಟ ಹರಿವು, ಹೆಡ್, ಕಿಲೋವಾಟ್ ಮೂರೂ ಏಕಕಾಲದಲ್ಲಿ ಸಿಗದಿದ್ದರೆ ಅಂತಿಮ ಬಿಲ್ಲಿಗೆ ಸಹಿ ಬೇಡ. ಒಂದು ಮಳೆಗಾಲದ ಕದಡನ್ನು ಎದುರಿಸುವ ಮುನ್ನ ಶುದ್ಧೀಕರಣದ ಭಾಗವನ್ನು ಪೂರ್ಣವಾಗಿ ಒಪ್ಪಿಕೊಳ್ಳಬಾರದೆಂಬ ಷರತ್ತನ್ನು ಗುತ್ತಿಗೆಯಲ್ಲೇ ಬರೆಸಿಡಿ.

ಆಪರೇಟರುಗಳನ್ನು ಪಂಪ್ ಜೋಡಿಸುವ ದಿನದಿಂದಲೇ ಜೊತೆಯಲ್ಲಿ ನಿಲ್ಲಿಸಿಕೊಳ್ಳಿ, ವಾಲ್ವ್‌ಗಳ ನಕ್ಷೆಯನ್ನು ಕನ್ನಡದಲ್ಲಿ ಬರೆಸಿ ಪಂಪ್‌ಹೌಸಿನ ಗೋಡೆಗೆ ಹಾಕಿಸಿ. ಲಾಗ್ ಪುಸ್ತಕದಲ್ಲಿ ಗಂಟೆಗೊಮ್ಮೆ ಹರಿವು, ಒತ್ತಡ, ಆಂಪಿಯರ್. ಪಾಳಿಗೊಮ್ಮೆ ಕದಡು, ಪಿಎಚ್, ಉಳಿಕೆ ಕ್ಲೋರಿನ್. ಪ್ರತಿ ಫಿಲ್ಟರನ್ನು ತೊಳೆದ ಸಮಯ ಮತ್ತು ತೊಳೆಯುವ ಮುಂಚಿನ ಹೆಡ್ ನಷ್ಟ. ಹೊಸ ಘಟಕ ಸರಿಯಾಗಿ ಓಡಿದ ಮೊದಲ ವಾರದ ಪುಟಗಳ ನಕಲನ್ನು ಬೇರೆಯಾಗಿ ಇಡಿಸಿ. ಐದು ವರ್ಷದ ನಂತರ ಪಂಪ್ ಸವೆದಿದೆಯೋ, ಕೊಳವೆ ಕಟ್ಟಿದೆಯೋ, ಎಲ್ಲೋ ಸೋರುತ್ತಿದೆಯೋ ಎಂದು ಹೋಲಿಸಿ ನೋಡುವವರಿಗೆ ಬೇಕಾಗುವುದು ಆ ಪುಟಗಳೇ.